ಪಟ್ಟಿಯೊಳಗೆ ಕೂತ ಕೂದಲು

ಅಕ್ಕಾ,

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಪ್ರಯೋಗಾಲಯದ ಫ್ರೀಜರ್ ಕೊನೆಗೂ ಶುಚಿಯಾಯಿತು! ತೀರಿಹೋಗುವ ಮುಂಚೆ ನೀವು ಮುಚ್ಚಿಟ್ಟಿದ್ದ ಟ್ಯೂಬ್ ತಳದಲ್ಲಿ ಸಿಕ್ಕಿತು. ಅದರಲ್ಲಿದ್ದ ಇಲಿಯ ಕೋಶಕೇಂದ್ರದ ಪುಟ್ಟ ಉಂಡೆಗಳನ್ನು, ಅದೇ ನ್ಯೂಕ್ಲಿಯೋಲಸ್‌ಗಳನ್ನು, ಇವತ್ತು ಪ್ರೋಟೀನುಗಳ ಪಟ್ಟಿ ಕೊಡುವ ಯಂತ್ರಕ್ಕೆ ಹಾಕಿದೆ. ಬರಿಗಣ್ಣಿಗೆ ಕಾಣದ ಉಂಡೆಯೊಳಗೆ ಏಳುನೂರು ಬಗೆಯ ಪ್ರೋಟೀನು! ಕುರ್ಚಿಯಿಂದೆದ್ದು ಕೈಮುಗಿದೆ. ಪಟ್ಟಿಯ ನಡುವೆ, ಕರೆಯದೆ ಬಂದ ನೆಂಟನಂತೆ, ಮನುಷ್ಯರ ಕೂದಲು-ಚರ್ಮದ ಕೆರಾಟಿನ್ ಕೂತಿತ್ತು.

“ಕಲಬೆರಕೆ ಕಣಯ್ಯಾ, ಅಳಿಸಿ ಹಾಕು,” ಎಂದರು ಮೇಷ್ಟ್ರು.

ಹಿಂದೆ ಇಂಥದ್ದೇ ಪಟ್ಟಿ ಬಂದಾಗ ಎಲ್ಲರೆದುರು, “ಅಕ್ಕಾ, ನಾಳೆ ತಲೆ ಬೋಳಿಸ್ಕೊಂಡೇ ಬಂದ್ಬಿಡಿ,” ಎಂದವನು ನಾನು. ನೀವು ನಕ್ಕು ಟೊಪ್ಪಿ ಸರಿಮಾಡಿಕೊಂಡಿರಿ. ಕೂದಲು ಉದುರುತ್ತಿದ್ದದ್ದು ಔಷಧಿಯಿಂದ ಎಂದು ಆಮೇಲೆ ತಿಳಿಯಿತು.

ಇವತ್ತಿನ ಪಟ್ಟಿಯ ಆ ಕೆರಾಟಿನ್ ಸಾಲು ನಿಮ್ಮ ಕೂದಲಿನದೇ ಇರಬೇಕು. ಅಳಿಸಲು ಕೈ ಏಳುತ್ತಿಲ್ಲ. ದಯವಿಟ್ಟು ಮೇಷ್ಟ್ರ ಕನಸಿಗೆ ಹೋಗಿ, ಅದೊಂದನ್ನು ಬಿಟ್ಟುಬಿಡಲು ಹೇಳಿ.