ಮೂರು ನಲವತ್ತೆರಡು

ಮಾರ್ಚ್ 6, ಗುರುವಾರ. ಮಧ್ಯಾಹ್ನ 3.42

ಪ್ರೋಗ್ರಾಂ ಈಗಷ್ಟೇ ಲೋಡ್ ಆಯಿತು. ಡಿಸ್‌ಪ್ಲೇ ಮೇಲೆ ಸಮಯ, ಸೆಕೆಂಡ್ ಸಮೇತ. ಈ ಪೆಟ್ಟಿಗೆ ನಾಳೆ ಚರ್ಚಿನ ಪಕ್ಕದ ಕಂಬಕ್ಕೆ. ಇನ್ನು ಸಂಜೆ ಆರೂವರೆಗೆ ಮೋಟರೇ ಸುತ್ತಿಗೆ ಎತ್ತಿ ನಮ್ಮೂರ ಗಂಟೆಯಾದ ಖಾಲಿ ಗ್ಯಾಸ್ ಸಿಲಿಂಡರಿಗೆ ಬಡಿಯುತ್ತದೆ. ಊರೆಲ್ಲ ಒಳಗೆ, ಪ್ರಾರ್ಥನೆಗೆ. ರಸ್ತೆಯಲ್ಲಿ ಕಾಲಿಟ್ಟವರಿಗೆ ದಂಡ.

ಮೂವತ್ತೊಂದು ವರ್ಷ ಈ ಕೆಲಸ ಸುಮೇಯೊ ಅಜ್ಜನದು. ಕಳೆದ ವಾರ ಎರಡು ದಿನ ನಾಲ್ಕು ನಿಮಿಷ ತಡ, ಒಂದು ದಿನ ಆರು. ಗುರುತು ಹಾಕಿ ಹಿರಿಯರ ಸಭೆಗೆ ತೋರಿಸಿದ್ದೆ. ಒಪ್ಪಿದರು. ಮಾತಾಡಿ ಒಪ್ಪಿಸುವುದು ನನಗೆ ಕಷ್ಟವಲ್ಲ.

ಹಸಿವು. ಹೆಂಡತಿ ಸಿಯೆನಿ ಟಾರೊ ಗೆಡ್ಡೆ ಬೇಯಿಸಿಟ್ಟು ಎರಡು ಸಲ ಕರೆದಳು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಕರೆಂಟ್ ಹೋಗಿ ಮಧ್ಯಾಹ್ನ ಒಂದು ಗಂಟೆಗೆ ಬಂತು. ಮೂರೂ ಮುಕ್ಕಾಲಿನ ಸುಮಾರಿಗೆ ಸಿಲಿಂಡರ್ ಬಡಿಯಿತು! ನೆತ್ತಿ ಸುಡುವ ಬಿಸಿಲು, ಕ್ರಿಕೆಟ್ ಅರ್ಧಕ್ಕೆ. ಪ್ರಾರ್ಥನೆ ಹೊತ್ತಿಗೆ ರಸ್ತೆ ಕಾಯುವ ಗಂಡಸರು ಓಡಿಬಂದು ಬಸ್ಸನ್ನೇ ತಡೆದರು. ಪಾದ್ರಿಯ ಹೆಂಡತಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಓಟ.

ಕರೆಂಟ್ ಇಲ್ಲದಾಗ ಸಮಯ ಕಾಯುವುದು ಗಡಿಯಾರದ ಚಿಪ್, ಅದಕ್ಕೊಂದು ಬಿಲ್ಲೆ ಬ್ಯಾಟರಿ. ಬ್ಯಾಟರಿಯೇ ಸತ್ತಿರಬೇಕು. ಬದಲಿಸಿದೆ. ಕಂಬಕ್ಕೆ ಏರಿಸಿದ ದಿನ ಮಾಡಿದಂತೆ ಗುಂಡಿ ಒತ್ತಿ ಸಮಯ ಸರಿಮಾಡಿದೆ.

ಹಳೆಯದನ್ನು ಮೀಟರಿಗೆ ಹಿಡಿದೆ. 3.1 ವೋಲ್ಟ್. ಗಟ್ಟಿಮುಟ್ಟಾಗಿದೆ... ಯಾರಿಗೂ ಹೇಳಲಿಲ್ಲ.

ಮಾರ್ಚ್ 15, ಶನಿವಾರ

ಮತ್ತೆ. ಸಂಜೆ ಕರೆಂಟ್ ಹೋಗಿ ಬಂತು, ಗಂಟೆ ಬಡಿದದ್ದು ಎಂಟರ ಮೇಲೆ. ಊಟ ಮುಗಿಸಿ ಮಲಗಿದವರು ಎದ್ದು ಕೂತರು.

ಚಿಪ್ ಬದಲಿಸಿದೆ. ಅದರ ಎರಡೂ ತಂತಿ ಬಿಚ್ಚಿ ಹೊಸದಾಗಿ ಬೆಸುಗೆ. ಕೇಳಿದವರಿಗೆಲ್ಲ ಒಂದೇ ಉತ್ತರ — ಸಮುದ್ರದ ಉಪ್ಪು ಹಿಡಿದಿದೆ. ಬೆಸುಗೆ ಹಾಕುವಾಗ ಸುಮೇಯೊ ಅಜ್ಜ ಹಿಂದೆ ಕೈಕಟ್ಟಿ ನಿಂತಿದ್ದ. ಹೊಸ ಯಂತ್ರ ಬಂದಾಗಿನಿಂದ ದಿನಾ ಅಲ್ಲೇ ನಿಲ್ಲುತ್ತಾನೆ.

ಮಾರ್ಚ್ 17, ಸೋಮವಾರ

ಸಭೆ. ಅಧ್ಯಕ್ಷರು ಕೇಳಿದರು: "ಏನಯ್ಯಾ ಇಯೋಪು, ನಿನ್ನ ಪೆಟ್ಟಿಗೆಗೆ ಹುಚ್ಚು ಹಿಡಿದಿದ್ಯಾ? ಯಾರಾದ್ರೂ ಕೈ ಹಾಕ್ತಿದಾರಾ?"

"ಸುಮೇಯೊ ಅಜ್ಜ ಯಾವಾಗ್ಲೂ ಅಲ್ಲೇ ಇರ್ತಾನೆ. ನಾನೇನೂ ಹೇಳಲ್ಲಪ್ಪ."

ಅಷ್ಟೇ ಅಂದದ್ದು. ಅಷ್ಟೇ ಸಾಕು ಎಂದು ಗೊತ್ತಿತ್ತು.

ಅಜ್ಜ ಎದ್ದ. "ನಾನು ಮುಟ್ಟಿಲ್ಲ. ನೋಡ್ತಿದ್ದೆ ಅಷ್ಟೆ. ಕರೆಂಟ್ ಬಂದಾಗೆಲ್ಲ ಅದು ಮೂರು ನಲವತ್ತೆರಡು ಅಂತಾನೇ ಶುರು ಮಾಡ್ತದೆ."

"ಓಹೋ, ಅಜ್ಜ ಇಂಜಿನಿಯರು!" ಯಾರೋ ಅಂದರು. ಎಲ್ಲ ನಕ್ಕರು. ನಾನೂ.

ಅಜ್ಜನಿಗೆ ದಂಡ: ಒಂದು ಹೆಣ್ಣು ಹಂದಿ. ಇನ್ನು ಗಂಟೆಯ ಕಂಬದ ಹತ್ತಿರ ಸುಳಿಯಬಾರದು.

ಅದೇ ದಿನ, ಸಂಜೆ

ಇಷ್ಟು ಬರೆದು ಪುಟ ಹಿಂದಕ್ಕೆ ತಿರುಗಿಸಿದೆ. ಗುರುವಾರ. ಮಧ್ಯಾಹ್ನ 3.42. ನನ್ನದೇ ಅಕ್ಷರ.

ಪ್ರೋಗ್ರಾಂ ತೆರೆದೆ. ಅಲ್ಲೇ ಇದೆ ಆ ಸಾಲು. ಲೋಡ್ ಆದ ಗಳಿಗೆಯ ಸಮಯವನ್ನು ಚಿಪ್‌ಗೆ ಬರೆಯುವ ಸಾಲು. ಒಂದು ಸಲ ಬರೆಸಿ ತೆಗೆದುಹಾಕಬೇಕು. ಅವತ್ತು ಅದನ್ನು ತೆಗೆಯದೆ ಟಾರೊ ತಿನ್ನಲು ಎದ್ದು ಹೋಗಿದ್ದೆ. ಪ್ರತಿ ಸಲ ಕರೆಂಟ್ ಬಂದಾಗ, ಸರಿಯಾಗಿ ಸಮಯ ಕಾಯುತ್ತಿದ್ದ ಚಿಪ್‌ಗೆ ನಾನೇ ಹೇಳಿಸುತ್ತಿದ್ದೆ — ಈಗ ಗುರುವಾರ, ಮೂರು ನಲವತ್ತೆರಡು.

ಬ್ಯಾಟರಿ ಚೆನ್ನಾಗಿತ್ತು. ಚಿಪ್ ಚೆನ್ನಾಗಿತ್ತು. ಅಜ್ಜ ಹೇಳಿದ್ದು ಅಕ್ಷರಶಃ ನಿಜ.

ಮಾರ್ಚ್ 18

ಸಾಲು ತೆಗೆದೆ. ಹತ್ತು ಸಲ ಸ್ವಿಚ್ ಆರಿಸಿ ಹಾಕಿದೆ. ಹತ್ತು ಸಲವೂ ಸರಿ. ಸಂಜೆ ಆರೂವರೆಗೆ ಸರಿಯಾಗಿ ಗಂಟೆ. ಅಧ್ಯಕ್ಷರು ಬೆನ್ನು ತಟ್ಟಿದರು. "ನೋಡ್ದಾ? ಮುದುಕ ದೂರ ಆದ, ಗಂಟೆ ಸರಿಹೋಯ್ತು!"

"ಹೂಂ" ಅಂದೆ.

ಮಾರ್ಚ್ 23, ಭಾನುವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಹೇಳಿಕೊಳ್ಳುವಂಥದ್ದು ಏನಿತ್ತು...

ದಂಡದ ಹಂದಿ ನಿನ್ನೆ ಕೊಯ್ದು ಬಿಸಿಗಲ್ಲಿನ ಒಲೆಗೆ ಹಾಕಿದರು. ಹಿರಿಯರ ಮನೆಮನೆಗೆ ಪಾಲು. ದೊಡ್ಡಪ್ಪ ನಮ್ಮ ಮನೆತನದ ಮುಖ್ಯಸ್ಥ, ನಮಗೂ ಬಾಳೆ ಎಲೆಯಲ್ಲಿ ಬಂತು. ಬೆನ್ನಿನ ತುಂಡು, ಮರ್ಯಾದೆಯ ತುಂಡು.

"ಏನ್ರೀ, ಉಪ್ಪು ಕಮ್ಮಿಯಾ?" ಸಿಯೆನಿ ಕೇಳಿದಳು.

ಇಲ್ಲ ಅಂದೆ. ತಿಂದೆ. ಪೂರ್ತಿ ತಿಂದೆ.

ಚರ್ಚಿನಲ್ಲಿ ಅಜ್ಜನ ಜಾಗ ಖಾಲಿ. ಗಂಟೆಯ ಕಂಬ ದಾಟದೆ ಚರ್ಚಿಗೆ ದಾರಿಯಿಲ್ಲ. ಇವತ್ತಷ್ಟೇ ಹೊಳೆಯಿತು.

ಮಾರ್ಚ್ 24, ಸೋಮವಾರ

ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಈ ಪುಸ್ತಕವನ್ನೇ ಮುಂದಿಟ್ಟೆ. ಮೊದಲ ಪುಟದ 3.42ರ ಮೇಲೆ ಬೆರಳಿಟ್ಟರು.

"ಉಪ್ಪು ಹಿಡಿದದ್ದು ಚಿಪ್‌ಗಲ್ಲ ಕಣೋ, ನಿನ್ನ ನಾಲಿಗೆಗೆ." ಆಮೇಲೆ ಸಿಯೆನಿಗೆ: "ಒಳಗಿನ ಸಣ್ಣೆಳೆ ಚಾಪೆ ತೆಗಿಯಮ್ಮ."

ಅವಳು ಬೆಚ್ಚಿದಳು. "ಕ್ಷಮೆ ಕೇಳೋಕೆ ಚಾಪೆ ಹೊದ್ದು ಅವರ ಅಂಗಳದಲ್ಲಿ ಕೂರೋದು ಕೊಲೆ ಆದಾಗ ಅಲ್ವಾ ಮಾವ? ಇದು ಬರೀ ಗಂಟೆ..."

"ಮೂವತ್ತೊಂದು ವರ್ಷದ ಮಾನ ತೆಗೆದಿದಾನೆ. ಅದೇನು ಕಮ್ಮಿನಾ?"

ನಾನೇ ಕೂರುತ್ತೇನೆ ಅಂದೆ. ನಿನಗೆ ಮುಖ್ಯಸ್ಥನ ಪದವಿ ಇಲ್ಲ, ಮನೆತನದ ತಲೆ ತಗ್ಗಬೇಕು, ಬಾಲ ತಗ್ಗಿದರೆ ಯಾರು ಲೆಕ್ಕಕ್ಕಿಡುತ್ತಾರೆ ಅಂದರು. ನಾನು ಪಕ್ಕದಲ್ಲಿ ಕೂರಬೇಕು. ಹೊದಿಕೆಯಿಲ್ಲದೆ, ಊರಿಗೆ ಕಾಣುವಂತೆ.

ಮಾರ್ಚ್ 25, ಮಂಗಳವಾರ. ಬೆಳಗಿನ ಜಾವ

ಚಾಪೆ ಮಡಿಚಿ ಬಾಗಿಲಲ್ಲಿದೆ. ಎಷ್ಟು ಹೊತ್ತು ಕೂರಬೇಕಾಗುತ್ತದೆ ಎಂದು ದೊಡ್ಡಪ್ಪನನ್ನು ಕೇಳಿದೆ.

"ಸುಮೇಯೊ ಕ್ಷಮಿಸಿ, ತಾನಾಗಿ ಬಂದು ಚಾಪೆ ಎತ್ತೋವರೆಗೆ. ಅದನ್ನೂ ನಿಮಿಷದಲ್ಲಿ ಗುರುತು ಹಾಕ್ತೀಯೇನು?"

ವಾಚ್ ಬಿಚ್ಚಿ ಮೇಜಿನ ಮೇಲಿಟ್ಟೆ.

ಹೊರಗೆ ದೊಡ್ಡಪ್ಪ ಮಂಡಿ ನೀವಿಕೊಳ್ಳುತ್ತಿದ್ದಾರೆ. ಎಪ್ಪತ್ತಮೂರು ವರ್ಷದ ಮಂಡಿ. ಅಜ್ಜನ ಅಂಗಳದ ತುಂಬ ಚೂಪು ಕಲ್ಲು. ಕರೆಯುತ್ತಿದ್ದಾರೆ. ಅವರ ಬದಲು ನಾನು ಮಂಡಿಯೂರುವ ಹಾಗಿದ್ದರೆ —