ಟೊಲೆಡೊದ ಒಂದು ಗಂಟೆ

ಅಲ್ ಮಬೇಲಾ, ಮಸ್ಕತ್
23 ಮೇ 2025

ಪ್ರೀತಿಯ ಅಕ್ಕ, ಸೆವ್ರಿನ್ ಬಾಯ್,

ಇದೇ ಮೇ ಒಂಬತ್ತರಂದು, ಟೊಲೆಡೊದಲ್ಲಿ, ನಿನಗೂ ನನಗೂ ಅನ್ಯಾಯವಾಗಿದೆ. ಮಾಡಿದವನು ನಮ್ಮನ್ನು ಸ್ಪೇನಿಗೆ ಕರೆದೊಯ್ದ, ಇಲ್ಲಿನ ಇಗರ್ಜಿಯ ಯಾತ್ರಾ ಸಮಿತಿಯ ಎಡ್ವರ್ಡ್. ಅದಿರಲಿ, ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಕಲ್ಲಿನ ನೆಲದ ಮೇಲೆ ಮಂಡಿಯೂರಬೇಡವೆಂದು ನಿಮ್ಮ ಮಠದ ಮದರ್ ಹೇಳಿದರೂ ನೀನು ಕೇಳುವವಳಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಇಲ್ಲಿ ಬಿಸಿಲು ಏರಿದೆ, ನಿನ್ನ ನಾದಿನಿ ರೋಸ್ ಬೆಳಗ್ಗೆಯೇ ಪರದೆಗಳನ್ನೆಲ್ಲ ಎಳೆದುಬಿಡುತ್ತಾಳೆ.

ಆ ಶುಕ್ರವಾರ ಹನ್ನೊಂದರಿಂದ ಹನ್ನೆರಡರವರೆಗೆ ಜಾಲರಿಯ ಆಚೀಚೆ ಕೂತು ಮಾತಾಡಬಹುದೆಂದು ಮದರ್ ಅಪ್ಪಣೆ ಕೊಟ್ಟಿದ್ದರು. ನೀನು ಮಠದ ಬಾಗಿಲು ದಾಟುವಂತಿಲ್ಲ, ನಾನು ಒಳಗೆ ಬರುವಂತಿಲ್ಲ. 1994ರಲ್ಲಿ ನೀನು ಮಠ ಸೇರಿದ ಬಳಿಕ ನಮಗೆ ಸಿಕ್ಕಿದ್ದು ಆ ಒಂದು ಗಂಟೆ. ಎಡ್ವರ್ಡ್‌ಗೆ ಇದೆಲ್ಲ ಗೊತ್ತಿತ್ತು, ತಲೆಯನ್ನೂ ಆಡಿಸಿದ್ದ. 2014ರ ಗೋವಾ ಯಾತ್ರೆಯಲ್ಲಿ ಸಂತರ ದರ್ಶನಕ್ಕೆ ನಿಂತಿದ್ದ ನಮ್ಮ ಗುಂಪನ್ನು ಸಾಲಿನಿಂದ ಹೊರಗೆಳೆದು ಗೋಡಂಬಿ ಅಂಗಡಿಗೆ ಕರೆದೊಯ್ದವನೂ ಅವನೇ. ನಾನು ಮರೆತಿಲ್ಲ.

ಬಸ್ಸು ಸೇತುವೆ ದಾಟುವಾಗ ಎದೆ ತುಂಬಿತು, ಬಾಯ್. ಮೂರು ಕಡೆ ಹೊಳೆ, ನಡುವೆ ಗುಡ್ಡದ ಮೇಲೆ ನೀನಿರುವ ಊರು. ಅರಬ್ಬಿ ಗ್ರಂಥಗಳು ಲ್ಯಾಟಿನ್ನಿಗೆ ಅನುವಾದವಾದದ್ದು ಇಲ್ಲಿನ ಓಣಿಗಳಲ್ಲಿ ಎಂದು ಎಂದೋ ಓದಿದ್ದೆ. ಯಹೂದಿಗಳ ಹಳೆಯ ಮಂದಿರವೊಂದು ಕ್ರೈಸ್ತರ ಇಗರ್ಜಿಯಾಗಿತ್ತಂತೆ. ಒಳಗೆ ಸಾಲುಸಾಲು ಕುದುರೆ ಲಾಳದಾಕಾರದ ಬಿಳಿಯ ಕಮಾನುಗಳು. ನಾನು ಬಾಯಿ ಬಿಟ್ಟು ನಿಂತಿದ್ದರೆ ಎಡ್ವರ್ಡ್, "ಕಮಾನು ಮಸ್ಕತ್ತಿನಲ್ಲೇ ಬೇಕಾದಷ್ಟುಂಟು ಮಾರಾಯ, ಯಲ್ಲಾ, ನಡಿ" ಎಂದ. ದೊಡ್ಡ ಕೆಥೆಡ್ರಲಿನ ಗಂಟೆ ಹೊಡೆದಾಗ, ಇದು ನಿನಗೂ ಕೇಳುತ್ತಿದೆ ಎಂದು ಸುಮ್ಮನೆ ಕಿವಿಗೊಟ್ಟು ನಿಂತೆ.

ಅಲ್ಲಿಂದ ನಿನ್ನಲ್ಲಿಗೆ ಬರಬೇಕಿತ್ತು. ಅವನು ಎಲ್ಲರನ್ನೂ ಕತ್ತಿಯಂಗಡಿಗೆ ನುಗ್ಗಿಸಿದ. ಗೋಡೆ ತುಂಬ ಕತ್ತಿಗಳು. ಮಠಕ್ಕೆ ಹೊತ್ತಾಯಿತೆಂದು ನಾನೆಂದರೆ, "ಐದೇ ನಿಮಿಷ ಸಿಪ್ರಿ, ನಿನ್ನ ಅಕ್ಕ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ!" ಎಂದ. ಎಲ್ಲರೂ ನಕ್ಕರು. ನಾನೊಬ್ಬನೇ ಹೊರಟೆ, ಓಣಿಗಳಲ್ಲಿ ದಾರಿ ತಪ್ಪಿ ಮತ್ತೆ ಮತ್ತೆ ಅದೇ ಚೌಕಕ್ಕೆ ಬಂದೆ. ಮಠ ಸಿಕ್ಕಾಗ ಹನ್ನೆರಡು ದಾಟಿತ್ತು, ಬಾಗಿಲು ಹಾಕಿತ್ತು. ಆ ಇಡೀ ಗಂಟೆ ನೀನು ಜಾಲರಿಯ ಹಿಂದೆ ಕೂತು ಕಾದಿದ್ದೆಯಲ್ಲ, ಅದನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ಒಳಗಿನವರು ಮುಖ ಕಾಣಿಸದೆ ಕೊಟ್ಟು ತೆಗೆದುಕೊಳ್ಳಲು ಗೋಡೆಯಲ್ಲಿ ತಿರುಗುವ ಮರದ ಗೂಡೊಂದಿತ್ತು. ನನ್ನ ಜೇಬಿನಲ್ಲಿ ಕಳೆದ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ, ಫಿಲಿಪ್ ಅಣ್ಣ ಊರಿನಿಂದ ಕಳಿಸಿದ ನಿನ್ನ ಪಾಲು. ಆಶೀರ್ವಾದದ ತೆನೆಯನ್ನು ಮನೆಯವರ ಕೈಗೇ ಕೊಡಬೇಕೆಂಬುದು ಗೊತ್ತಿದ್ದೂ, ಗಾಬರಿಯಲ್ಲಿ ಗೂಡಿನೊಳಗೆ ಇಟ್ಟುಬಿಟ್ಟೆ. ಗೂಡು ತಿರುಗಿ ಹೋಯಿತು. ಮರಳಿ ಬಂದಾಗ ಅದರಲ್ಲಿ ಬಾದಾಮಿ ಮಿಠಾಯಿಯ ಡಬ್ಬಿ! ಸಿಸ್ಟರ್‌ಗಳು ತಾವು ಮಾಡಿದ ಮಿಠಾಯಿಯನ್ನು ಹೀಗೆ ಮಾರುತ್ತಾರೆಂದು ಆಮೇಲೆ ತಿಳಿಯಿತು. "ಹಾಂವ್ ಸಿಪ್ರಿಯನ್, ಸೆವ್ರಿನಾಚೊ ಭಾವ್" ಎಂದು, ನಾನು ಸೆವ್ರಿನಳ ತಮ್ಮನೆಂದು, ಕೊಂಕಣಿಯಲ್ಲೇ ಕೂಗಿದೆ. ಆಚೆಯಿಂದ ಯಾರೋ ಮೂಗೊರೆಸಿಕೊಂಡ ಸದ್ದು ಮಾತ್ರ. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಬಂದವರು ತೋಳು ಹಿಡಿದು ಬಸ್ಸಿಗೆ ಎಳೆದೊಯ್ದರು.

ಮದರ್‌ಗೂ ಎಲ್ಲ ಸಿಸ್ಟರ್‌ಗಳಿಗೂ ನಮ್ಮ ನಮಸ್ಕಾರ. ಪ್ರಾರ್ಥನೆಯಲ್ಲಿ ನಮ್ಮನ್ನು ನೆನೆ. ಎಡ್ವರ್ಡ್‌ನನ್ನು ನೆನೆಯುವುದು ನಿನಗೆ ಬಿಟ್ಟದ್ದು.

ನಿನ್ನ ತಮ್ಮ,
ಸಿಪ್ರಿಯನ್

ಅವಸರದಲ್ಲಿ ಇನ್ನೊಂದು: ಡಿಸೆಂಬರಿಗೆ ನನ್ನ ಕೆಲಸ ಮುಗಿಯುತ್ತದೆ, ಇಲ್ಲಿನ ವೀಸಾ ಖಲಾಸ್. ಇನ್ನು ಸ್ಪೇನಿಗೆ ಬರುವುದು ಆಗದ ಮಾತು. ಬರುವ ಶುಕ್ರವಾರ ಪೂಜೆಯಾದ ಮೇಲೆ ಎಡ್ವರ್ಡ್ ಎಲ್ಲರೆದುರು ನಿಂತು ಆ ಗಂಟೆಯ ಲೆಕ್ಕ ಒಪ್ಪಿಸಲೇಬೇಕು, ಬಿಡುವುದಿಲ್ಲ. ಆದರೆ ನನಗೆ ನಿಜವಾಗಿ ಬೇಕಾದ ಉತ್ತರ ನಿನ್ನದು, ಬಾಯ್. ಗೂಡಿನ ಆಚೆ ಇದ್ದವಳು ನೀನೇನಾ? ಮದರ್ ಓದಲಿ, ಅಂಚೆಯವನು ಓದಲಿ, ನಮ್ಮ ಇಡೀ ಇಗರ್ಜಿ ಓದಲಿ. ತೆರೆದ ಕಾರ್ಡಿನಲ್ಲೇ ಬರೆ.