ಅಪ್ಪನ ಎಲೆಗೆ ಎಳನೀರು

ದೇಜು,

ಅಪ್ಪ ತೀರಿದ ಮೇಲೆ ಇವತ್ತು ಸಂಜೆ ಮೊದಲ ಸಲ ಅವರ ಹೆಸರಿಗೆ ಎಲೆ ಹಾಕಿ ಬಡಿಸುವುದಲ್ಲವೇ, ಮೀನೂ ಎಳನೀರೂ ತರಲು ಬಜಾರಿಗೆ ಹೋಗಿದ್ದೇನೆ. ಗಂಜಿ ಒಲೆಯ ಮೇಲಿದೆ. ಉಂಡು ನಿನ್ನ ನರದ ಮಾತ್ರೆ ನುಂಗು. ಬಿಡಬೇಡ.

ನಿನ್ನೆ ಜಾರಪ್ಪ ಮಾವ ನಿನಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. "ಅಪ್ಪನಿಗೆ ಬಡಿಸಿದ ಸಾರಾಯಿಯನ್ನು ಮಗನೇ ಮೊದಲು ಬಾಯಿಗೆ ಹಾಕಬೇಕು ಮಾರಾಯ. ಮದ್ದಿಗೆ ಆಗದಿದ್ದರೆ ಒಂದು ದಿನ ಮದ್ದೇ ಬಿಡು, ಎಂತ ಆಗ್ತದೆ?"

ಏನಾಗುತ್ತದೆಂದು ಡಾಕ್ಟರು ನನ್ನನ್ನು ಕೂರಿಸಿ ಹೇಳಿದ್ದಾರೆ. ಒಂದು ದಿನ ಬಿಟ್ಟ ಮಾತ್ರಕ್ಕೆ ಆ ಮದ್ದು ಮೈಯಿಂದ ಇಳಿದುಹೋಗುವುದಿಲ್ಲ. ಅದರ ಮೇಲೆ ಸಾರಾಯಿ ಬಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಬಿಟ್ಟದ್ದಕ್ಕೆ ನಿನ್ನ ಹಳೆಯ ಹೆದರಿಕೆ ತಿರುಗಿ ಬಂದರೆ ಅದು ಬೇರೆ.

ಮಾವ ನಿದ್ದೆಯಿಂದ ಎದ್ದು, ಬೊರಿವಲಿಯಿಂದ ಪೊಲೀಸರ ಕಣ್ಣು ತಪ್ಪಿಸಿ ತಂದ ಕಳ್ಳಭಟ್ಟಿಯ ಬಾಟಲಿಯನ್ನು ಹುಡುಕಿದರೆ, ಅಮ್ಮ ಮೋರಿಗೆ ಚೆಲ್ಲಿದಳು ಎಂದು ಹೇಳು. ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳಬೇಡ. ಈ ಚಾಳಿನಲ್ಲಿರುವ ನಮ್ಮ ಊರಿನವರೆಲ್ಲ ಕ್ರಮ ತಪ್ಪಿತು ಎನ್ನಲಿ. ನಾನು ದಿನವೂ ದೈವಕ್ಕೆ ದೀಪ ಇಡುವವಳು. ಮಗನ ಉಸಿರು ಬೇಡುವ ದೈವವನ್ನು ನಾನು ಕಂಡಿಲ್ಲ.

ಸ್ನಾನ ಮಾಡಿ ಬಾಳೆಲೆ ತೊಳೆದಿಡು. ಲೋಟ ನಾನೇ ಇಡುತ್ತೇನೆ. ಸಾರಾಯಿಯ ಬದಲು ಎಳನೀರು ನೋಡಿ ನಿನ್ನ ಅಪ್ಪ ಸಿಟ್ಟಾದರೆ ನನ್ನನ್ನೇ ಕೇಳಲಿ. ಬದುಕಿದ್ದಾಗಲೂ ಕೇಳುತ್ತಿದ್ದರು, ನಾನು ಉತ್ತರ ಕೊಟ್ಟೇ ಅನ್ನ ಬಡಿಸುತ್ತಿದ್ದೆ. ಈಗ ಎದುರು ಬಂದು ಕೇಳುವುದಾದರೆ ಇನ್ನೂ ಒಳ್ಳೆಯದು.

ಅಮ್ಮ